ಉದ್ಯೋಗ: ಕಂಪೋಸಿಟರ್

ಠಾಣೆಯ ರೈಟರ್ ಕೇಳಿದ್ದು ಒಂದೇ ಪ್ರಶ್ನೆ,
ಏನಮ್ಮಾ ನಿನ್ನ ಕಸುಬು?
ಟೆಕ್ಲಾ ಊಲ್‌ಮನ್, ಜರ್ಮನಿಯ ಹಾಲೆ ಊರಿನವಳು,
ಸಾಬೂನು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದವನ ಹೆಂಡತಿ,
ಯುದ್ಧ ಶುರುವಾದ ವಾರಕ್ಕೇ ಗಂಡನನ್ನು
ದೂರದ ಶಿಬಿರಕ್ಕೆ ಸಾಗಿಸಿದ ಮೇಲೆ
ಸೋಮವಾರಕ್ಕೊಮ್ಮೆ ಬಂದು ರುಜು ಹಾಕಬೇಕಾದವಳು,
ಗಂಟಲು ಸರಿಮಾಡಿಕೊಂಡು ಅಂದಳು: ಕಂಪೋಸರ್.
ರೈಟರ್ ತಲೆಯಾಡಿಸಿ ಬರೆದುಕೊಂಡ:
ಕಂಪೋಸಿಟರ್.
ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವಳು.

ತಿದ್ದಲಿಲ್ಲ ಅವಳು. ಆರು ವರ್ಷ
ಅದೇ ಉದ್ಯೋಗದ ಎದುರು ಅದೇ ರುಜು.

ರದ್ದಿಗೆ ಬಿದ್ದ ರಿಜಿಸ್ಟರಿನ ಆ ಹಾಳೆ ನೋಡಿ ನಕ್ಕೆ.
ಆಮೇಲೆ ನಗಲಾಗಲಿಲ್ಲ. ನಮ್ಮಪ್ಪ ನಿಜಕ್ಕೂ ಕಂಪೋಸಿಟರ್,
ಕಾಟನ್‌ಪೇಟೆಯ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ
ತಿರುವುಮುರುವು ಕನ್ನಡ ಓದಿದವನು,
ಒತ್ತಕ್ಷರ ಹುಡುಕಿ ಹುಡುಕಿ ಉಗುರು ಕಪ್ಪಾದವನು.
ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆ,
ಸೋತ ಅಭ್ಯರ್ಥಿಯ ಕರಪತ್ರ,
ಯಾವುದರ ಕೆಳಗೂ ಅವನ ಹೆಸರಿಲ್ಲ.

ಅವಳದೂ ಇರಲಿಲ್ಲ. ಊರಲ್ಲಿದ್ದಾಗ ಪ್ರಕಾಶಕ
ಟಿ. ಊಲ್‌ಮನ್ ಎಂದಷ್ಟೇ ಹಾಕಿದ್ದ,
ಗಂಡಸೆಂದು ತಿಳಿದು, ಕೊಳ್ಳಲಿ ಜನ, ಎಂದು.
ಕೊಂಡವರು ಹದಿನಾಲ್ಕು ಮಂದಿ.

ಪಾಟರಿ ರೋಡಿನಲ್ಲಿ ಅವಳು ತೆಕ್ಲಮ್ಮ.
ಹಾಲಿನ ಮುನಿಶಾಮಿ ಲೆಕ್ಕದ ಚೀಟಿಗೆ ಹಾಗೇ ಬರೆದ,
ಚೀಟಿಯ ಬೆನ್ನಿಗೆ ಅವಳು ಐದು ಗೆರೆ ಎಳೆದಳು,
ಕಾಗದಕ್ಕೆ ಬರ ಬಂದ ಕಾಲ.
ಒಂದು ಬದಿ ಅರ್ಧ ಸೇರು, ಕಾಲು ಸೇರು, ಬಾಕಿ ಎರಡಾಣೆ,
ಇನ್ನೊಂದು ಬದಿ ಅರ್ಧ ಸ್ವರ, ಕಾಲು ಸ್ವರ.
ಬೆಳಕಿಗೆ ಹಿಡಿದರೆ ಒಂದರಲ್ಲೊಂದು ಬೆರೆತು ಕಾಣುತ್ತವೆ.

ಇಷ್ಟೆಲ್ಲ ಉಳಿದದ್ದು ಯೂಫೇಮಿಯಾ ಆಂಟಿಯಿಂದ.
ಒಂಬತ್ತರ ಹುಡುಗಿ ಪಿಯಾನೊ ಕಲಿಯಲು ಹೋದವಳು
ಈಗ ತೊಂಬತ್ತು ದಾಟಿ, ಬಿಸ್ಕತ್ತಿನ ಡಬ್ಬಿಯಲ್ಲಿ
ಗುರುವನ್ನು ಇಟ್ಟುಕೊಂಡು ಕೂತಿದ್ದಾಳೆ.
"ಬೆರಳು ತಪ್ಪಿದ್ರೆ ಹೊಡೀತಿರಲಿಲ್ಲ ಕಣೋ,
ಎದ್ದು ಹೋಗಿ ಕಿಟಕಿ ಮುಚ್ಚೋಳು. ಅದು ಇನ್ನೂ ನೋಯ್ತದೆ."

ಡಬ್ಬಿಯ ತಳದಲ್ಲಿ ಆ ಒಂದು ಕೃತಿ.
ಹೆಸರಿಲ್ಲ. ಮೇಲೆ ಬರೀ ಗಂಟೆ: ರಾತ್ರಿ ಒಂಬತ್ತು ಏಳು.
ನಡುವೆ ಇಪ್ಪತ್ತೆಂಟು ಅಳತೆ ಖಾಲಿ,
ಒಂದು ಸ್ವರವೂ ಇಲ್ಲ, ಗೆರೆಗಳಷ್ಟೇ.
ಅಂಚಿನಲ್ಲಿ ಸೀಸದಕಡ್ಡಿಯ ಸಣ್ಣಕ್ಷರ:
ಗೂಡ್ಸ್ ಹೋಗಲಿ. ಆಮೇಲೆ.
ಮನೆಯ ಬೆನ್ನಿಗೇ ಹಳಿ. ಇಪ್ಪತ್ತೆಂಟು ಡಬ್ಬಿ.
ಇದೇ ಹಳಿಯ ಮೇಲೆ ಅವನನ್ನೂ ಒಯ್ದರೇ? ಬರೆದಿಲ್ಲ.
ಖಾಲಿ ದಾಟಿದ ಮೇಲೆ ರಾಗ ಮುಂಚಿನದೇ,
ಒಂದು ಮೆಟ್ಟಿಲು ಮಾತ್ರ ಕೆಳಗೆ,
ರೈಲಿನ ಅದುರಿಗೆ ಗೂಡಿನ ಪಾತ್ರೆ
ತುಸುವೇ ಜರುಗಿ ಕೂತ ಹಾಗೆ.

ಹೋದ ಆಗಸ್ಟಿನಲ್ಲಿ ಒಂದು ತಣ್ಣನೆಯ ಸಭಾಂಗಣದಲ್ಲಿ
ಹುಡುಗಿಯೊಬ್ಬಳು ಇದನ್ನು ನುಡಿಸಿದಳು, ಮೊದಲ ಬಾರಿಗೆ.
ಖಾಲಿ ಬಂತು. ಕೈ ಮಡಿಲಿಗೆ ಇಳಿಸಿದಳು.
ಮೂರನೇ ಅಳತೆಗೆ ಯಾರೋ ಕೆಮ್ಮಿದರು,
ಐದಕ್ಕೆ ಚಪ್ಪಾಳೆ, ಆರಕ್ಕೆ ಎಲ್ಲರೂ ಎದ್ದರು
ಪಾರ್ಕಿಂಗ್ ಚೀಟಿ ತಡಕುತ್ತ.
ಉಳಿದರ್ಧ ಕೇಳಿದವರು ನಾನು, ಹುಡುಗಿಯ ತಾಯಿ,
ದೀಪ ಆರಿಸಲು ಕಾದಿದ್ದವನು.

ಅಪ್ಪ ಇದ್ದಿದ್ದರೆ ಕೂತಿರುತ್ತಿದ್ದ.
ಸಣ್ಣವನಿದ್ದಾಗ ಕೇಳಿದ್ದೆ, ಪದಕ್ಕೂ ಪದಕ್ಕೂ ನಡುವೆ
ಏನಿಡ್ತೀಯ ಅಂತ. ಅಂಗೈಗೆ ಹಾಕಿದ ಒಂದು ಮೊಳೆ,
ಮುಖವಿಲ್ಲದ್ದು, ಬೋಳು, ಮಿಕ್ಕವಕ್ಕಿಂತ ಗಿಡ್ಡ.
"ಖಾಲಿಗೂ ಸೀಸ ಬೇಕು ಮಗಾ.
ಇಲ್ದಿದ್ರೆ ಸಾಲೇ ಕುಸೀತದೆ."

ನಿನ್ನೆ ರಾತ್ರಿ ಯೂಫೇಮಿಯಾ ಆಂಟಿಯ ಮನೆ.
ಎರಡು ಕಾಂಪೌಂಡು ದಾಟಿದರೆ ಅದೇ ಹಳಿ,
ಒಂಬತ್ತು ಏಳರ ಗೂಡ್ಸು ನಿಂತು ಎಷ್ಟೋ ಕಾಲ.
ಕಿಟಕಿ ತೆಗೆಸಿದಳು ನನ್ನ ಕೈಲಿ.
ಶ್ರುತಿ ಸಡಿಲಿದ ಪಿಯಾನೊ, ನಾಲ್ಕು ಮನೆ ಪೂರಾ ಮೂಕ.
ನುಡಿಸಿದಳು. ನಿಲ್ಲಿಸಿದಳು.
ಎದುರುಮನೆಯ ಕುಕ್ಕರ್ ಕೂಗಿತು,
ಆಟೋ ಒಂದು ಗೊಣಗುತ್ತ ಹಿಂದಕ್ಕೆ ಸರಿಯಿತು.
ಮುಗಿಯಿತೆಂದು ಎದ್ದೆ, ನಾನೂ.
ಕಣ್ಣು ತೆರೆಯದೆ ಅವಳು ಬೆರಳೆತ್ತಿದಳು:
"ಕೂತ್ಕೊಳೋ. ಇನ್ನೂ ಮೂರು ಡಬ್ಬಿ ಇದೆ."